ಶನಿವಾರದ ನಾರ್‌ಈಸ್ಟರ್: ಆ್ಯಪ್‌ನಲ್ಲಿ ದಿನಕ್ಕೊಂದು ಲೆಕ್ಕ. ಯಾವುದನ್ನು ನಂಬೋದು, ಯಾವಾಗ ತೀರ್ಮಾನ ಮಾಡೋದು?

ಎಡಿಸನ್_ಎಳ್ಳುಬೆಲ್ಲ · ಬುಧವಾರ ಬೆಳಿಗ್ಗೆ 8:10

ಶನಿವಾರ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಸಂಕ್ರಾಂತಿ ಕಾರ್ಯಕ್ರಮ. ಅದೇ ದಿನ ನಾರ್‌ಈಸ್ಟರ್, ಅಂದರೆ ಅಮೆರಿಕದ ಪೂರ್ವ ಕರಾವಳಿಯ ಚಳಿಗಾಲದ ಬಿರುಗಾಳಿ, ಬರುತ್ತೆ ಅಂತಿದ್ದಾರೆ. ಸುಮಾರು ಮುನ್ನೂರು ಜನ, ಅದರಲ್ಲಿ ಮಕ್ಕಳು, ಊರಿಂದ ಬಂದಿರೋ ಅಪ್ಪ ಅಮ್ಮಂದಿರು ಜಾಸ್ತಿ. ಹಾಲ್‌ನವರಿಗೂ ಅಡುಗೆಯವರಿಗೂ ಗುರುವಾರ ರಾತ್ರಿಯೊಳಗೆ ಹೌದೋ ಅಲ್ಲವೋ ಹೇಳಬೇಕು. ಫೋನ್ ಆ್ಯಪ್ ಸೋಮವಾರ 14 ಇಂಚು ಸ್ನೋ ಅಂತು. ಮಂಗಳವಾರ 3 ಇಂಚು. ಇವತ್ತು ಬೆಳಿಗ್ಗೆ 8 ಇಂಚು, ಜೊತೆಗೆ ಮಳೆ ಚಿತ್ರ ಬೇರೆ.

ಮೂರು ಪ್ರಶ್ನೆ. ಕರಾವಳಿಯಲ್ಲಿ ಮಾತ್ರ ಯಾಕೆ ಹೀಗೆ ಹೊಯ್ದಾಡುತ್ತೆ? ನಾವು ಏನನ್ನು ನೋಡಬೇಕು? ಗುರುವಾರ ರಾತ್ರಿ ಹೊತ್ತಿಗೆ ನಿಜಕ್ಕೂ ಏನಾದರೂ ಖಚಿತವಾಗಿ ಗೊತ್ತಾಗುತ್ತಾ?

ಹ್ಯಾಟರಸ್_ನೋಟ · 8:42

ಮೊದಲನೆಯದಕ್ಕೆ ಉತ್ತರ: ಆ ಬಿರುಗಾಳಿ ಇನ್ನೂ ಹುಟ್ಟಿಲ್ಲ. ಮೇಲಿನ ಗಾಳಿಯಲ್ಲಿರೋ ಅಲೆ ಈಗ ಪೆಸಿಫಿಕ್ ಕಡೆಯಿಂದ ಒಳಗೆ ಬರ್ತಿದೆ. ಅದು ಖಂಡ ದಾಟಿ ಬಂದು, ನಾರ್ತ್ ಕ್ಯಾರೊಲಿನಾದ ಹ್ಯಾಟರಸ್ ಭೂಶಿರದ ಹತ್ತಿರ ನೆಲದ ಮೇಲಿನ ಚಳಿಗಾಳಿಗೂ ಗಲ್ಫ್ ಸ್ಟ್ರೀಮ್ ಅನ್ನೋ ಬಿಸಿ ಕಡಲ ಪ್ರವಾಹದ ಮೇಲಿನ ಬೆಚ್ಚನೆ ಗಾಳಿಗೂ ಮುಖಾಮುಖಿ ಆದಾಗ ವಾಯುಭಾರ ಕುಸಿದು ಹೊಸ ಲೋ (ಕಡಿಮೆ ಒತ್ತಡದ ಸುಳಿ) ಹುಟ್ಟಬೇಕು. ಆಮೇಲೆ ಅದು ತೀರದ ಪಕ್ಕದಲ್ಲೇ ಈಶಾನ್ಯಕ್ಕೆ ಏರಬೇಕು. ಹುಟ್ಟೋ ಜಾಗ ನೂರು ಕಿಲೋಮೀಟರ್ ಆಚೀಚೆ ಆದರೆ ಸಾಕು, ನಿಮ್ಮೂರಿನ ಕಥೆಯೇ ಬದಲು.

1946ರಲ್ಲಿ ಮಿಲ್ಲರ್ ಅನ್ನೋ ಹವಾಮಾನ ತಜ್ಞರು ಇವನ್ನು ಎ, ಬಿ ಅಂತ ಎರಡು ಬಗೆ ಮಾಡಿದರು. ಎ ಬಗೆಯದು ದಕ್ಷಿಣದಲ್ಲೇ ಹುಟ್ಟಿ, ಒಂದೇ ಲೋ ಆಗಿ ತೀರ ಹಿಡಿದು ಬರುತ್ತೆ. ಬಿ ಬಗೆಯದರಲ್ಲಿ ಒಂದು ಲೋ ಒಹಾಯೋ ಕಣಿವೆ ಕಡೆ ಹೋಗಿ ಸಾಯುತ್ತೆ, ಅದರ ಶಕ್ತಿ ಅಪಲೇಚಿಯನ್ ಬೆಟ್ಟ ದಾಟಿ ಕಡಲಲ್ಲಿ ಇನ್ನೊಂದನ್ನು ಹುಟ್ಟಿಸುತ್ತೆ. ಲೆಕ್ಕ ತಪ್ಪೋದು ಹೆಚ್ಚಾಗಿ ಈ ಬಿ ಬಗೆಯಲ್ಲಿ. ಎರಡನೇ ಲೋ ಆರು ಗಂಟೆ ತಡವಾಗಿ ಹುಟ್ಟಿದರೆ ನ್ಯೂಜೆರ್ಸಿಗೆ ಬರೀ ತುಂತುರು, ಬಾಸ್ಟನ್‌ಗೆ ಎರಡಡಿ ಹಿಮ. ಶನಿವಾರದ್ದು ಸದ್ಯಕ್ಕೆ ಬಿ ಬಗೆ ತರಹ ಕಾಣ್ತಿದೆ. ಆ್ಯಪ್ ಹೊಯ್ದಾಡ್ತಿರೋದೂ ಅದಕ್ಕೇ.

ಮಳೆಗೆರೆ · 9:05

ಇನ್ನೊಂದು ಮುಖ್ಯ ವಿಷಯ, ಎಡಿಸನ್ ಇರೋ ಜಾಗ. ಇಂಟರ್‌ಸ್ಟೇಟ್ 95 ರಸ್ತೆ ಇದೆಯಲ್ಲ, ಎಷ್ಟೋ ಬಿರುಗಾಳಿಗಳಲ್ಲಿ ಮಳೆ ಮತ್ತು ಹಿಮದ ಗಡಿ ಆ ಗೆರೆಗೇ ಅಂಟಿಕೊಂಡಿರುತ್ತೆ. ಮಾರಿಸ್‌ಟೌನ್‌ನಲ್ಲಿ 10 ಇಂಚು, ಎಡಿಸನ್‌ನಲ್ಲಿ 4 ಇಂಚು ಕೆಸರು, ಆಸ್ಬರಿ ಪಾರ್ಕ್ ಬೀಚಲ್ಲಿ ಬರೀ ಮಳೆ. ಇದು ಸಾಮಾನ್ಯ ದೃಶ್ಯ.

ಕಾರಣ ಕಡಲು. ತೀರದಿಂದ ಸ್ವಲ್ಪ ಆಚೆ ನೀರು ಡಿಸೆಂಬರ್ ಮೊದಲ ವಾರ ಸುಮಾರು 10 ಡಿಗ್ರಿ ಇರುತ್ತೆ, ಫೆಬ್ರುವರಿ ಕೊನೆಗೆ 4-5ಕ್ಕೆ ಇಳಿಯುತ್ತೆ. ಜನವರಿ ಮಧ್ಯದಲ್ಲಿ ಇನ್ನೂ ಆ ಬಿಸಿ ಪೂರ್ತಿ ಆರಿರಲ್ಲ. ಪೂರ್ವದಿಂದ ಗಾಳಿ ಬೀಸಿದರೆ ಆ ಬಿಸಿಯೆಲ್ಲ ನೇರವಾಗಿ ಊರೊಳಗೆ. ಹಾಗಾಗಿ ಇಂಚಿಗಿಂತ ಮೊದಲು ಗಾಳಿ ದಿಕ್ಕು ನೋಡಿ. ನ್ಯೂಆರ್ಕ್ ವಿಮಾನ ನಿಲ್ದಾಣದ ವರದಿಯಲ್ಲಿ 350ರಿಂದ 020 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಉತ್ತರದ ಗಾಳಿ, ಇದ್ದರೆ ಚಳಿ ನಿಲ್ಲುತ್ತೆ. 060 ದಾಟಿತು ಅಂದರೆ ಹಿಮ ಕೆಡೋಕೆ ಶುರು. 090, ಅಂದರೆ ನೇರ ಪೂರ್ವದ ಗಾಳಿ, ಆದರೆ ಕೊಡೆ ತಗೊಳ್ಳಿ.

ಆ ದಿಕ್ಕನ್ನು ನಿರ್ಧರಿಸೋದು ಕೆನಡಾದ ಕ್ವಿಬೆಕ್ ಮೇಲೆ ಕೂತಿರೋ ಹೈ, ಅಂದರೆ ಹೆಚ್ಚು ಒತ್ತಡದ ಗಾಳಿಯ ರಾಶಿ. ಅಲ್ಲಿ 1035 ಮಿಲಿಬಾರ್‌ಗೆ ಮೇಲ್ಪಟ್ಟ ಹೈ ಭದ್ರವಾಗಿ ಕೂತಿದ್ದರೆ ಚಳಿಗಾಳಿ ನಿಲ್ಲದೆ ಇಳಿದು ಬರ್ತಾ ಇರುತ್ತೆ. ಅದೇ ಹೈ ಅಟ್ಲಾಂಟಿಕ್ ಕಡೆ ಜಾರಿದರೆ, ಅದರ ಹಿಂದಿನ ಗಾಳಿಯೇ ಕಡಲ ಬಿಸಿಯನ್ನು ಹೊತ್ತು ತರುತ್ತೆ. ಎಲ್ಲರೂ ಲೋ ಎಲ್ಲಿ ಹೋಗುತ್ತೆ ಅಂತ ನೋಡ್ತಾರೆ, ಹೈ ಕಡೆ ಯಾರೂ ತಿರುಗಿ ನೋಡಲ್ಲ.

ಯೂರೋ_ಪಕ್ಷ · 9:20

ಯುರೋಪಿಯನ್ ಮಾಡೆಲ್ (ಹವಾಮಾನ ಲೆಕ್ಕ ಹಾಕೋ ಯುರೋಪಿನ ಕಂಪ್ಯೂಟರ್ ಪ್ರೋಗ್ರಾಂ) ನೋಡಿ, ಅಲ್ಲಿಗೆ ಮುಗೀತು. ಉಳಿದದ್ದೆಲ್ಲ ಸಮಯ ದಂಡ.

ಹಿಮಪಟ್ಟಿ · 9:31

@ಯೂರೋ_ಪಕ್ಷ 2015ರ ಜನವರಿ 26-27 ಮರೆತುಬಿಟ್ರಾ? ಯುರೋಪಿಯನ್ ಮಾಡೆಲ್ ನ್ಯೂಯಾರ್ಕ್ ನಗರಕ್ಕೆ ಎರಡಡಿ ಹಿಮ ತೋರಿಸಿತು. ಅಮೆರಿಕದ ಮಾಡೆಲ್ ಜಿಎಫ್‌ಎಸ್ ಕಡಿಮೆ ತೋರಿಸ್ತಿತ್ತು, ಅದನ್ನು ಬದಿಗಿಟ್ಟರು. ಹಿಮಕ್ಕೆ ಹೆದರಿ ನಗರದ ಸಬ್‌ವೇ ಪೂರ್ತಿ ಮುಚ್ಚಿದ್ದು ಅದೇ ಮೊದಲು. ಕೊನೆಗೆ ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 9.8 ಇಂಚು. ಲಾಂಗ್ ಐಲೆಂಡಿನ ಐಸ್ಲಿಪ್‌ನಲ್ಲಿ 24.9, ಬಾಸ್ಟನ್‌ನಲ್ಲಿ 24.6, ವೂಸ್ಟರ್‌ನಲ್ಲಿ 34.5. ಬಿರುಗಾಳಿ ಬಂದೇ ಬಂತು, ಅದರ ಪಶ್ಚಿಮದ ಅಂಚು ಮಾತ್ರ 80-100 ಕಿಲೋಮೀಟರ್ ಪೂರ್ವಕ್ಕೆ ಸರಿಯಿತು. ಆ ಅಂಚಿನ ತಪ್ಪು ಬದಿಯಲ್ಲಿ ಎಂಬತ್ತು ಲಕ್ಷ ಜನ ಇದ್ದರು, ಅಷ್ಟೇ ವ್ಯತ್ಯಾಸ. ನ್ಯೂಜೆರ್ಸಿಯ ಮೌಂಟ್ ಹಾಲಿ ಹವಾಮಾನ ಕಚೇರಿಯ ಆಗಿನ ಮುಖ್ಯಸ್ಥ ಗ್ಯಾರಿ ಷಟ್ಕೌಸ್ಕಿ ಟ್ವಿಟರ್‌ನಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಅಂಚು ಇಷ್ಟು ಚೂಪಾಗಿರೋಕೆ ಕಾರಣ ಹಿಮದ ಪಟ್ಟಿಗಳು. ಲೋಗೆ ವಾಯವ್ಯದಲ್ಲಿ, ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ, ಬಿಸಿ ಮತ್ತು ಚಳಿಗಾಳಿ ಒಂದಕ್ಕೊಂದು ಒತ್ತಿಕೊಂಡಾಗ ಒಂದು ಉದ್ದನೆ ಪಟ್ಟಿ ಕಟ್ಟುತ್ತೆ. ಅದರಡಿ ಗಂಟೆಗೆ 2-3 ಇಂಚು ಬೀಳುತ್ತೆ. ಪಟ್ಟಿಯ ಪಕ್ಕದಲ್ಲೇ ಗಾಳಿ ಕೆಳಕ್ಕಿಳಿದು ಮೋಡವನ್ನು ಒಣಗಿಸುತ್ತೆ. ಒಂದು ಊರಿಗೆ ಸಿಕ್ಕದ್ದು ಪಕ್ಕದೂರಿನಿಂದ ಕಿತ್ತುಕೊಂಡದ್ದು ಅನ್ನೋ ಹಾಗೆ.

ಯೂರೋ_ಪಕ್ಷ · 9:44

ಒಂದು ಸೋಲು ಹಿಡಿದುಕೊಂಡು ಹತ್ತು ವರ್ಷ ಮಾತಾಡಿದರೆ ಹೇಗೆ? ಐದು ದಿನದ ಮುಂದಿನ ಲೆಕ್ಕದಲ್ಲಿ ವರ್ಷವರ್ಷವೂ ಸರಾಸರಿ ಅಂಕ ಅದಕ್ಕೇ ಹೆಚ್ಚು. ಅದು ಭೂಮಿಯನ್ನು 9 ಕಿಲೋಮೀಟರ್ ಚೌಕಗಳಾಗಿ ಹಂಚಿ ಲೆಕ್ಕ ಹಾಕುತ್ತೆ, ಜಿಎಫ್‌ಎಸ್‌ದು 13.

ಹಿಮಪಟ್ಟಿ · 9:52

ಸರಾಸರಿ ಬಗ್ಗೆ ನನ್ನ ತಕರಾರಿಲ್ಲ ಸರ್. ಆದರೆ ಎಳ್ಳುಬೆಲ್ಲದವರಿಗೆ ಬೇಕಿರೋದು ಈ ಒಂದು ಶನಿವಾರ. ಒಂದು ಬಿರುಗಾಳಿಗೆ ಒಂದು ಮಾಡೆಲ್‌ನ ಒಂದು ರನ್ (ಒಂದು ಸಲದ ಲೆಕ್ಕ) ನಂಬೋದು ತಪ್ಪು, ಅದು ಯಾವ ಮಾಡೆಲ್ ಆದರೂ ಸರಿ. ಯುರೋಪಿಯನ್‌ನ 51 ಸದಸ್ಯರ ಎನ್‌ಸೆಂಬಲ್ ನೋಡಿ ಅಂದಿದ್ರೆ ನಾನೂ ಕೈ ಎತ್ತಿರ್ತಿದ್ದೆ.

ಎಡಿಸನ್_ಎಳ್ಳುಬೆಲ್ಲ · 10:15

ಎನ್‌ಸೆಂಬಲ್ ಅಂದರೆ ಏನು, ಯಾರಾದರೂ ಬಿಡಿಸಿ ಹೇಳ್ತೀರಾ?

ಹ್ಯಾಟರಸ್_ನೋಟ · 10:38

ಈ ಕ್ಷಣದ ವಾತಾವರಣ ನಮಗೆ ಪೂರ್ತಿ ಗೊತ್ತಿಲ್ಲ. ಮಾಪಕ ಕಟ್ಟಿದ ಬಲೂನು ಹಾರಿಸೋದು ದಿನಕ್ಕೆ ಎರಡು ಸಲ, ಇಲ್ಲಿಯ ಬೆಳಿಗ್ಗೆ 7 ಮತ್ತು ಸಂಜೆ 7ರ ಲೆಕ್ಕಕ್ಕೆ. ಕಡಲ ಮೇಲೆ ಬಲೂನಿಲ್ಲ, ಉಪಗ್ರಹ, ವಿಮಾನ, ತೇಲು ಮಾಪಕಗಳಷ್ಟೇ. ಆ ತಿಳಿಯದ ಭಾಗಕ್ಕೆ ಸಣ್ಣಸಣ್ಣ ಬದಲಾವಣೆ ಕೊಟ್ಟು ಅದೇ ಮಾಡೆಲ್ ಅನ್ನು ಹತ್ತಾರು ಸಲ ಓಡಿಸ್ತಾರೆ. ಯುರೋಪಿಯನ್‌ನಲ್ಲಿ 51 ಸಲ, ಜಿಎಫ್‌ಎಸ್‌ನಲ್ಲಿ 31 ಸಲ. ಐವತ್ತೊಂದರಲ್ಲಿ ನಲವತ್ತು ಲೋಗಳು ಒಂದೇ ಕಡೆ ಗುಂಪಾಗಿದ್ದರೆ ನಂಬಬಹುದು. ಕಾಳು ಚೆಲ್ಲಿದ ಹಾಗೆ ವರ್ಜೀನಿಯಾದಿಂದ ನಡುಗಡಲವರೆಗೂ ಹರಡಿದ್ದರೆ ಯಾವ ಇಂಚಿನ ಲೆಕ್ಕಕ್ಕೂ ಬೆಲೆ ಇಲ್ಲ.

ಗುಂಪು ಎಲ್ಲಿರಬೇಕು? ಉತ್ತರ ಅಕ್ಷಾಂಶ 40, ಪಶ್ಚಿಮ ರೇಖಾಂಶ 70. ನ್ಯಾಂಟಕೆಟ್ ದ್ವೀಪದಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದ ಬಿಂದು. ಇಲ್ಲಿನವರು ಬೆಂಚ್‌ಮಾರ್ಕ್ ಅನ್ನೋದು ಇದಕ್ಕೇ. ಲೋ ಅದರ ಹತ್ತಿರ ಹಾದರೆ ದೊಡ್ಡ ಊರುಗಳಿಗೆ ಹಿಮ. ಅದಕ್ಕಿಂತ ತುಂಬಾ ಒಳಗೆ, ತೀರಕ್ಕೆ ಒತ್ತಿಕೊಂಡು ಬಂದರೆ ಊರಿಗೆ ಮಳೆ, ಬೆಟ್ಟಕ್ಕೆ ಹಿಮ. ಹೊರಗೆ ಹೋದರೆ ಮೀನಿಗೆ ಹಿಮ. ದಪ್ಪ ಹಿಮ ಸಾಮಾನ್ಯವಾಗಿ ಲೋ ಸಾಗುವ ದಾರಿಯ ಎಡಕ್ಕೆ 150ರಿಂದ 300 ಕಿಲೋಮೀಟರ್ ದೂರದಲ್ಲಿ ಬೀಳುತ್ತೆ.

ನಿಮ್ಮ ಆ್ಯಪ್ ಮಾಡೋದು ಇದರ ತದ್ವಿರುದ್ಧ. ಇತ್ತೀಚಿನ ರನ್‌ನ ಒಂದು ಚೌಕದ ಸಂಖ್ಯೆ ಎತ್ತಿ ತೋರಿಸುತ್ತೆ. ದಿನಕ್ಕೆ ನಾಲ್ಕು ರನ್, ನಾಲ್ಕು ಸಂಖ್ಯೆ.

ಪ್ರಿನ್ಸ್‌ಟನ್_ಪಯಣ · 11:02

ನ್ಯಾಷನಲ್ ವೆದರ್ ಸರ್ವೀಸ್ (ಅಮೆರಿಕದ ಸರ್ಕಾರಿ ಹವಾಮಾನ ಇಲಾಖೆ) ಪುಟದಲ್ಲಿ ಸ್ನೋ ಸಂಭವನೀಯತೆ ಅಂತ ಮೂರು ನಕ್ಷೆ ಇರುತ್ತೆ: ಕನಿಷ್ಠ, ನಿರೀಕ್ಷಿತ, ಗರಿಷ್ಠ. ಕನಿಷ್ಠ ಅಂದರೆ ಅದಕ್ಕಿಂತ ಹೆಚ್ಚು ಬೀಳೋ ಸಾಧ್ಯತೆ ನೂರಕ್ಕೆ 90. ಗರಿಷ್ಠ ಅಂದರೆ ಅದನ್ನೂ ಮೀರೋ ಸಾಧ್ಯತೆ ನೂರಕ್ಕೆ 10. ಎಡಿಸನ್‌ಗೆ ನಿಮಗೆ ಬೇಕಾದದ್ದು ಕನಿಷ್ಠ ಮತ್ತು ಗರಿಷ್ಠದ ನಡುವಿನ ಅಂತರ. ಅಂತರ ಕುಗ್ಗುತ್ತಾ ಬಂದರೆ ಒಳ್ಳೇ ಲಕ್ಷಣ. ಗುರುವಾರ ಮಧ್ಯಾಹ್ನವೂ 1 ಮತ್ತು 11 ಅಂತಿದ್ದರೆ, ಯಾರಿಗೂ ಗೊತ್ತಿಲ್ಲ ಅಂತಲೇ ಅರ್ಥ.

ಹಾಗೇ ಅವರು ಹೊರಡಿಸೋ ಎಚ್ಚರಿಕೆಗಳಲ್ಲಿ ವಾಚ್ ಮತ್ತು ವಾರ್ನಿಂಗ್ ಒಂದೇ ಅಲ್ಲ. ವಾಚ್ ಅಂದರೆ ಅರ್ಧದಷ್ಟಾದರೂ ಖಾತ್ರಿ. ವಾರ್ನಿಂಗ್ ಅಂದರೆ ನೂರಕ್ಕೆ 80.

ಧಾರವಾಡ_ಟು_ಡೆಲವೇರ್ · 11:30

ಪುಕ್ಕಟೆ ನಕಾಶೆ ತೋರಸೋ ವೆಬ್‌ಸೈಟ್ ನೋಡ್ತೀರಲ್ರೀ, ಅದರಾಗ ಒಂದು ದೊಡ್ಡ ತಪ್ಪು ಐತಿ. ಅವರು ಎಷ್ಟು ನೀರು ಬೀಳತೈತೋ ಅದಕ್ಕ ಹತ್ತರಿಂದ ಗುಣಿಸಿ ಹಿಮ ಅಂತ ಬರೀತಾರ. ಒಂದು ಇಂಚು ನೀರಿಗೆ ಹತ್ತು ಇಂಚು ಹಿಮ. ಖರೇ ನೋಡಿದ್ರ, ಸೊನ್ನೆ ಡಿಗ್ರಿ ಹತ್ರ ಬೀಳೋ ಕರಾವಳಿ ಹಿಮ ಹಸಿ ಇರತೈತಿ, ಒಂದಕ್ಕ ಆರೋ ಎಂಟೋ ಅಷ್ಟ. ಒಳನಾಡಿನ ಚಳಿಯಾಗ ಒಂದಕ್ಕ ಹದಿನೈದೂ ಆಗತೈತಿ. ಮೋಡದಾಗ ಮೈನಸ್ 12ರಿಂದ ಮೈನಸ್ 18 ಡಿಗ್ರಿ ಇರೋ ಪದರ ದಪ್ಪಗಿದ್ದು, ಗಾಳಿ ಅಲ್ಲೇ ಜೋರಾಗಿ ಮ್ಯಾಲೆ ಏರಿದ್ರ ಹಗುರಾದ ನಕ್ಷತ್ರದಂಥ ಹಳಕು ಬೆಳೀತಾವ, ಆವಾಗ ರಾಶಿ ಎತ್ತರ ಆಗತೈತಿ.

ಅದಕ್ಕಿಂತ ಕೆಟ್ಟದ್ದು, ಎಷ್ಟೋ ನಕಾಶೆಯೊಳಗ ಸ್ಲೀಟ್ ಅನ್ನೂ ಹಿಮಾ ಅಂತ ಹಿಡದು ಹತ್ತರಿಂದ ಗುಣಿಸ್ತಾರ. ಸ್ಲೀಟ್ ಅಂದ್ರ ಗಟ್ಟಿ ಮಂಜಿನ ಕಾಳು. ಒಂದು ಇಂಚು ನೀರಿಗೆ ಎರಡು ಮೂರು ಇಂಚು ಆದ್ರ ಹೆಚ್ಚು. ನಿಮ್ಮ ಆ್ಯಪಿನ 14 ಇಂಚು ಹೀಂಗ ಬಂದದ್ದ ಇರಬೇಕು.

ಮಳೆಗೆರೆ · 11:48

ಧಾರವಾಡದವರು ಹೇಳಿದ್ದು ನೂರಕ್ಕೆ ನೂರು ಸರಿ. ಉದಾಹರಣೆಗೆ 2017ರ ಮಾರ್ಚ್ 14. ನ್ಯೂಯಾರ್ಕ್‌ಗೆ ಒಂದಡಿಗೂ ಹೆಚ್ಚು ಅಂದಿದ್ದರು, ಸೆಂಟ್ರಲ್ ಪಾರ್ಕ್‌ನಲ್ಲಿ ಬಿದ್ದದ್ದು 7.6 ಇಂಚು, ಉಳಿದದ್ದು ಸ್ಲೀಟ್. ನೆಲದಲ್ಲಿ ಚಳಿ ಇತ್ತು, ಎರಡು ಕಿಲೋಮೀಟರ್ ಮೇಲೆ ಕಡಲ ಬಿಸಿ ನುಗ್ಗಿತ್ತು.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ಮೇಲಿನ ಬಿಸಿ ಪದರದ ಗರಿಷ್ಠ 1 ಡಿಗ್ರಿಗಿಂತ ಕಡಿಮೆ ಇದ್ದರೆ ಹಿಮ ಹಾಗೇ ಉಳಿಯುತ್ತೆ. 1ರಿಂದ 3 ಡಿಗ್ರಿ ಇದ್ದರೆ ಅರ್ಧ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಸ್ಲೀಟ್. 3 ದಾಟಿದರೆ ಪೂರ್ತಿ ಕರಗಿ ನೀರಾಗುತ್ತೆ. ನೆಲ ಸೊನ್ನೆಗಿಂತ ಕೆಳಗಿದ್ದರೆ ಅದೇ ಫ್ರೀಜಿಂಗ್ ರೇನ್. ಇವುಗಳಲ್ಲಿ ಅದೇ ಅಪಾಯದ್ದು: ಕಾಲು ಇಂಚು ಮಂಜುಗಡ್ಡೆ ಕಟ್ಟಿದರೆ ಕೊಂಬೆ ಮುರಿದು ಕರೆಂಟ್ ಹೋಗುತ್ತೆ.

850 ಮಿಲಿಬಾರ್ ನಕ್ಷೆಯಲ್ಲಿ, ಅಂದರೆ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಸೊನ್ನೆ ಡಿಗ್ರಿಯ ಗೆರೆ ದಕ್ಷಿಣದಲ್ಲಿದೆ ಅಂತ ನೋಡಿ ಎಷ್ಟೋ ಜನ ಸುಮ್ಮನಾಗ್ತಾರೆ. ಬಿಸಿ ಮೂಗು, ಅಂದರೆ ಆ ಬಿಸಿ ಪದರ, ಎಷ್ಟೋ ಸಲ ಇನ್ನೂ ಮೇಲೆ 800 ಅಥವಾ 750ರಲ್ಲಿ ನುಸುಳಿರುತ್ತೆ. ಒಂದು ಎತ್ತರದ ನಕ್ಷೆ ಸಾಲದು, ಪೂರ್ತಿ ಸೌಂಡಿಂಗ್ (ನೆಲದಿಂದ ಮೇಲಿನವರೆಗಿನ ಉಷ್ಣತೆಯ ಚಿತ್ರ) ತೆಗೆದು ನೋಡಿ.

ಪ್ರಿನ್ಸ್‌ಟನ್_ಪಯಣ · 12:10

2017ರಲ್ಲಿ ಇನ್ನೊಂದು ಸಂಗತಿ ಇತ್ತು. ಲೆಕ್ಕ ಕಡಿಮೆ ಆಗ್ತಿದೆ ಅಂತ ಹಿಂದಿನ ದಿನವೇ ಮುನ್ಸೂಚಕರಿಗೆ ಕಂಡಿತ್ತು, ಆದರೂ ಸಂಖ್ಯೆ ಇಳಿಸಲಿಲ್ಲ ಅಂತ ಆಮೇಲೆ ಸುದ್ದಿಯಾಯ್ತು. ಇಳಿಸಿದರೆ ಜನ ಅಪಾಯವೇ ಇಲ್ಲ ಅಂದುಕೊಳ್ತಾರೆ ಅನ್ನೋ ಆತಂಕ. ನನಗದು ಸರಿ ಅನ್ನಿಸಲ್ಲ. ಗೊತ್ತಿದ್ದದ್ದನ್ನು ಗೊತ್ತಾದ ಹೊತ್ತಿಗೇ ಹೇಳಬೇಕು.

ಬಾಸ್ಟನ್_ಬೆಳಗು · 12:26

ನಾನು ಒಪ್ಪಲ್ಲ. ಸ್ಲೀಟ್ ಬಿದ್ದರೂ ರಸ್ತೆ ಹಾಳೇ. ಬೆಳಿಗ್ಗೆ ಏರಿಸಿ, ಸಂಜೆ ಇಳಿಸಿ, ರಾತ್ರಿ ಮತ್ತೆ ಏರಿಸಿದರೆ ಜನ ನೋಡೋದನ್ನೇ ಬಿಡ್ತಾರೆ. 2010ರ ಡಿಸೆಂಬರ್ ನೆನಪಿಸಿಕೊಳ್ಳಿ. 24ನೇ ತಾರೀಖು ಕಡಲಿಗೆ ಹೋಗುತ್ತೆ ಅಂದದ್ದು 25ಕ್ಕೆ ಪಶ್ಚಿಮಕ್ಕೆ ತಿರುಗಿತು. 26-27ರಂದು ಸೆಂಟ್ರಲ್ ಪಾರ್ಕ್‌ಗೆ 20 ಇಂಚು. ಹಬ್ಬದ ದಿನ ಯಾರೂ ಮುನ್ಸೂಚನೆ ನೋಡ್ತಿರಲಿಲ್ಲ.

ಪ್ರಿನ್ಸ್‌ಟನ್_ಪಯಣ · 12:33

ಅದು ನನ್ನ ವಾದಕ್ಕೇ ಬಲ. 24ರಂದೇ ಪಶ್ಚಿಮಕ್ಕೂ ತಿರುಗಬಹುದು ಅಂತ ಒಂದು ಸಾಲು ಸೇರಿಸಿದ್ದರೆ ಜನ ಸಜ್ಜಾಗಿರ್ತಿದ್ದರು. ಸಂಖ್ಯೆ ಒಂದೇ ಇರಲಿ, ಅನುಮಾನವನ್ನೂ ಜೊತೆಗೆ ಹೇಳಲಿ.

ಪಣಂಬೂರು_ಗಾಳಿ · 1:05

ಮಂಗಳೂರಿಂದ ಓದ್ತಾ ಇದ್ದೇನೆ ಮಾರಾಯ್ರೆ. ನಮ್ಮಲ್ಲಿ ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಎದ್ದರೆ ಹವಾಮಾನ ಇಲಾಖೆಯವರು ಶಂಕುವಿನ ಹಾಗೆ ದಾರಿ ಬರೆದು ತೋರಿಸ್ತಾರಲ್ಲ, ಇದಕ್ಕೂ ಹಾಗೇ ಮಾಡ್ಲಿಕ್ಕೆ ಆಗುದಿಲ್ವಾ?

ಹ್ಯಾಟರಸ್_ನೋಟ · 1:22

ಒಳ್ಳೇ ಪ್ರಶ್ನೆ. ಸೈಕ್ಲೋನ್‌ಗೆ ಶಕ್ತಿ ಬರೋದು 26-27 ಡಿಗ್ರಿ ದಾಟಿದ ಕಡಲ ನೀರಿನಿಂದ. ಅದರ ನಡು ಬೆಚ್ಚಗೆ, ಕೆಟ್ಟ ಗಾಳಿಯೆಲ್ಲ ಕಣ್ಣಿನ ಸುತ್ತ. ಅದಕ್ಕೇ ಕಣ್ಣು ಎಲ್ಲಿ ಹೋಗುತ್ತೆ ಅನ್ನೋದೇ ದೊಡ್ಡ ಪ್ರಶ್ನೆ. ನಾರ್‌ಈಸ್ಟರ್‌ಗೆ ಶಕ್ತಿ ಬರೋದು ಬಿಸಿ ಮತ್ತು ಚಳಿಗಾಳಿಯ ಅಂತರದಿಂದ. ಗಾಳಿ ನೂರಾರು ಕಿಲೋಮೀಟರ್ ಅಗಲಕ್ಕೆ ಹರಡಿರುತ್ತೆ, ದಪ್ಪ ಹಿಮ ನಡುವಿನಿಂದ ಬಲು ದೂರ. ನಡುವಿನ ದಾರಿಗೆ ಶಂಕು ಬರೆದರೂ ಯಾವ ಊರಿಗೆ ಮಳೆ, ಯಾವುದಕ್ಕೆ ಹಿಮ ಅನ್ನೋದು ಅದರಿಂದ ಗೊತ್ತಾಗಲ್ಲ. ಎರಡರಲ್ಲೂ ಸಮಾನವಾದದ್ದು ಒಂದೇ, ಬಿರುಗಾಳಿ ತಳ್ಳಿ ತರೋ ಕಡಲ ಉಬ್ಬರ.

ಬಾಸ್ಟನ್_ಬೆಳಗು · 1:40

ಉಬ್ಬರದ ಮಾತು ಬಂತಲ್ಲ. ಬಾಸ್ಟನ್ ಬಂದರಿನಲ್ಲಿ ಏರಿಳಿತ ಸರಾಸರಿ ಒಂಬತ್ತೂವರೆ ಅಡಿ. ಬಿರುಗಾಳಿ ಮೂರಡಿ ನೀರು ತಳ್ಳಿ ತಂದರೂ ಅದು ಇಳಿತದ ಹೊತ್ತಿಗೆ ಬಂದರೆ ಯಾರಿಗೂ ಗೊತ್ತೇ ಆಗಲ್ಲ. ಭರತದ ಹೊತ್ತಿಗೆ ಬಂದರೆ ಸಬ್‌ವೇ ಮೆಟ್ಟಿಲೊಳಗೆ ನೀರು. 2018ರ ಜನವರಿ 4ರಂದು ಹಾಗೇ ಆಯ್ತು: 15.16 ಅಡಿ, 1978ರ ಫೆಬ್ರುವರಿಯ 15.1 ದಾಖಲೆ ಮುರಿಯಿತು. ನ್ಯೂಯಾರ್ಕ್‌ನಲ್ಲಿ ಏರಿಳಿತ ಐದು ಅಡಿಯೊಳಗೆ, ಅಲ್ಲಿ ಹೊತ್ತಿನ ಲೆಕ್ಕ ಅಷ್ಟು ಬಿಗಿ ಅಲ್ಲ. ನಿಧಾನವಾಗಿ ಸಾಗೋ ಬಿರುಗಾಳಿ ಇನ್ನೂ ಕೆಟ್ಟದ್ದು. 1962ರ ಮಾರ್ಚ್‌ನದ್ದು ಸತತ ಐದು ಭರತದ ಹೊತ್ತು ನಿಂತು ನ್ಯೂಜೆರ್ಸಿ ತೀರವನ್ನು ಕೆರೆದು ಹಾಕಿತು.

ವಾಯುಭಾರದ ಲೆಕ್ಕವೂ ಇದೆ: ಒತ್ತಡ ಒಂದು ಮಿಲಿಬಾರ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತೆ. ಮಾಮೂಲಿ 1013ರಿಂದ 950ಕ್ಕೆ ಇಳಿದರೆ ಗಾಳಿ ಬಿಟ್ಟೇ 60 ಸೆಂಟಿಮೀಟರ್.

ಚಳಿಗಾಲ_ಚಿಂತೆ · 1:51

2018ರದ್ದೇ ಅಲ್ವಾ ಬಾಂಬ್ ಸೈಕ್ಲೋನ್? ಟಿವಿಯವರು ಹೆದರಿಸೋಕೆ ಕಟ್ಟಿದ ಹೆಸರು ಅದು. 24 ಗಂಟೆಯಲ್ಲಿ 24 ಮಿಲಿಬಾರ್ ಇಳಿದರೆ ಬಾಂಬ್ ಅಂತಾರೆ.

ಹಿಮಪಟ್ಟಿ · 2:03

ಎರಡು ತಿದ್ದುಪಡಿ. ಹೆಸರು ಟಿವಿಯದಲ್ಲ. ಫ್ರೆಡ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಮ್ 1980ರ ಸಂಶೋಧನಾ ಲೇಖನದಲ್ಲಿ ಬಳಸಿದ್ದು. ಇನ್ನು 24 ಮಿಲಿಬಾರ್ ಅನ್ನೋದು 60 ಡಿಗ್ರಿ ಅಕ್ಷಾಂಶಕ್ಕೆ ಮಾತ್ರ. ದಕ್ಷಿಣಕ್ಕೆ ಬಂದಂತೆ ಅಕ್ಷಾಂಶದ ಸೈನ್ ಲೆಕ್ಕದಲ್ಲಿ ಕಡಿಮೆ ಮಾಡಬೇಕು. 40 ಡಿಗ್ರಿಯಲ್ಲಿ ಸುಮಾರು 18 ಸಾಕು. 2018ರದ್ದು ಒಂದು ದಿನದಲ್ಲಿ 50ಕ್ಕೂ ಹೆಚ್ಚು ಇಳಿದಿತ್ತು.

ಧಾರವಾಡ_ಟು_ಡೆಲವೇರ್ · 2:09

ಬ್ಲಿಜಾರ್ಡ್ ಅಂದ್ರೂ ಭಾಳ ಹಿಮಾ ಅಂತ ಅರ್ಥ ಅಲ್ರೀ. ಗಂಟೆಗೆ 35 ಮೈಲಿ ಗಾಳಿ, ಕಾಲು ಮೈಲಿಗಿಂತ ಕಡಿಮಿ ಕಣ್ಣಿಗೆ ಕಾಣೋದು, ಎರಡೂ ಮೂರು ತಾಸು ನಿಲ್ಲಬೇಕು. ಹೊಸಾ ಹಿಮಾ ಬೀಳದಿದ್ರೂ ಆಗತೈತಿ.

ಯೂರೋ_ಪಕ್ಷ · 2:30

ಈಗ ಎಐ ಮಾಡೆಲ್‌ಗಳೂ ಬಂದಿವೆ. ಯುರೋಪಿಯನ್ ಕೇಂದ್ರದ ಎಐಎಫ್‌ಎಸ್ 2025ರ ಫೆಬ್ರುವರಿಯಿಂದ ಅಧಿಕೃತವಾಗಿ ಓಡ್ತಿದೆ. ಲೋ ಸಾಗೋ ದಾರಿಗೆ ಚೆನ್ನಾಗಿದೆ, ನೋಡಬಹುದು.

ಮಳೆಗೆರೆ · 2:41

ದಾರಿಗೆ ಸರಿ. ಆದರೆ ಅದರ ಚೌಕ ಸುಮಾರು 30 ಕಿಲೋಮೀಟರ್. ಎಡಿಸನ್‌ನಿಂದ ಫ್ರೀಹೋಲ್ಡ್‌ಗೆ ಇರೋ ದೂರವೇ ಅಷ್ಟು. ಅಷ್ಟರೊಳಗೇ ನಮ್ಮ ಮಳೆ-ಹಿಮದ ಗಡಿ ಇರೋದು, ಅದನ್ನು ಈ ಮಾಡೆಲ್‌ನಿಂದ ಬಿಡಿಸೋಕಾಗಲ್ಲ.

ಎಡಿಸನ್_ಎಳ್ಳುಬೆಲ್ಲ · ಗುರುವಾರ ಬೆಳಿಗ್ಗೆ 7:30

ಎಲ್ಲರಿಗೂ ನಮಸ್ಕಾರ, ಎಲ್ಲ ಓದಿದೆ. ಇವತ್ತು ರಾತ್ರಿ 8ಕ್ಕೆ ಹಾಲ್‌ಗೆ ಹೇಳಬೇಕು. ಎಷ್ಟು ಗಂಟೆಗೆ ಏನು ನೋಡಲಿ?

ಹ್ಯಾಟರಸ್_ನೋಟ · 7:58

ಬೆಳಿಗ್ಗೆ 7ರ ಬಲೂನಿನ ಮಾಹಿತಿ ಹಿಡಿದು ಓಡೋ ರನ್‌ಗಳೇ ನಿಮಗೆ ಇವತ್ತಿನ ಆಧಾರ. ಆ ಹೊತ್ತಿಗೆ ಅಲೆ ನೆಲದ ಮೇಲೆ ಬಂದಿರುತ್ತೆ, ಬಲೂನಿನ ಜಾಲದೊಳಗೆ ಸಿಕ್ಕಿರುತ್ತೆ. ಜಿಎಫ್‌ಎಸ್ ಹತ್ತೂವರೆ ಸುಮಾರಿಗೆ ಬರೋಕೆ ಶುರುವಾಗುತ್ತೆ, ಯುರೋಪಿಯನ್ ಮಧ್ಯಾಹ್ನ 1ರಿಂದ 2ರೊಳಗೆ, ಅದರ ಎನ್‌ಸೆಂಬಲ್ ಇನ್ನೂ ಸ್ವಲ್ಪ ತಡ. ಎರಡರಲ್ಲೂ ಕ್ವಿಬೆಕ್ ಹೈ ಶನಿವಾರ ಬೆಳಿಗ್ಗೆ ಎಲ್ಲಿದೆ, ಲೋಗಳ ಗುಂಪು 40/70ಕ್ಕೆ ಹೋಲಿಸಿದರೆ ಎಲ್ಲಿದೆ, ಇವೆರಡು ನೋಡಿ. ಆಮೇಲೆ ಮಧ್ಯಾಹ್ನ 4ರ ಸುಮಾರಿಗೆ ಬರೋ ಮೌಂಟ್ ಹಾಲಿ ಕಚೇರಿಯ ಚರ್ಚಾ ಟಿಪ್ಪಣಿ ಓದಿ. ಯಾವುದರ ಬಗ್ಗೆ ಅವರಿಗೇ ಅನುಮಾನ ಇದೆ ಅಂತ ಅದರಲ್ಲಿ ಬಿಚ್ಚಿ ಬರೆದಿರ್ತಾರೆ. ನಕ್ಷೆಗಿಂತ ಬೆಲೆಯುಳ್ಳದ್ದು ಆ ಟಿಪ್ಪಣಿ.

ಎಚ್‌ಆರ್‌ಆರ್‌ಆರ್ ಅನ್ನು ಇವತ್ತು ಮುಟ್ಟಬೇಡಿ. ಅದು 3 ಕಿಲೋಮೀಟರ್ ಚೌಕದ ಮಾಡೆಲ್, ಗಂಟೆಗೊಂದು ಸಲ ಹೊಸದಾಗಿ ಓಡುತ್ತೆ. ಶುಕ್ರವಾರ ಸಂಜೆಯಿಂದ ಉಪಯೋಗಕ್ಕೆ ಬರುತ್ತೆ.

ಪ್ರಿನ್ಸ್‌ಟನ್_ಪಯಣ · 8:15

ತೀರ್ಮಾನದ ಗೆರೆಯನ್ನು ಈಗಲೇ ಹಾಕಿಕೊಳ್ಳಿ, ಸಂಖ್ಯೆ ನೋಡಿದ ಮೇಲಲ್ಲ. ವಯಸ್ಸಾದವರು ಬರ್ತಾರೆ ಅಂದರೆ ನನ್ನ ಲೆಕ್ಕ: ನಿರೀಕ್ಷಿತ 4 ಇಂಚು ದಾಟಿದರೆ, ಅಥವಾ ಫ್ರೀಜಿಂಗ್ ರೇನ್ ಮಾತು ಬಂದರೆ, ಮುಂದೂಡಿ. ಬೀಳೋ ಹೊತ್ತೂ ಮುಖ್ಯ. ರಾತ್ರಿ ಬಿದ್ದು ಬೆಳಿಗ್ಗೆ 8ಕ್ಕೆ ನಿಂತರೆ ಮಧ್ಯಾಹ್ನಕ್ಕೆ ರಸ್ತೆ ಸಿದ್ಧ. ಬೆಳಿಗ್ಗೆ 10ಕ್ಕೆ ಶುರುವಾದರೆ ಬಂದವರು ಮನೆಗೆ ಹೋಗೋದೇ ಕಷ್ಟ.

ಚಳಿಗಾಲ_ಚಿಂತೆ · 8:40

ಶುಕ್ರವಾರ ಸಂಜೆ 4 ಡಿಗ್ರಿ ಅಂತಿದೆ. ಅಷ್ಟು ಬಿಸಿಗೆ ಹಿಮ ಹೇಗೆ ಬೀಳುತ್ತೆ?

ಮಳೆಗೆರೆ · 8:52

ಡ್ಯೂ ಪಾಯಿಂಟ್, ಅಂದರೆ ಗಾಳಿಯ ತೇವ ಹನಿಗಟ್ಟೋ ಉಷ್ಣತೆ, ನೋಡಿ. ಗಾಳಿ ಒಣಗಿದ್ದರೆ, ಬೀಳೋ ಹಿಮ ಮೊದಲು ಆವಿಯಾಗಿ ಗಾಳಿಯನ್ನು ತಣಿಸುತ್ತೆ, ನಮ್ಮ ಮಡಕೆ ನೀರು ತಣ್ಣಗಾಗೋ ಹಾಗೆ. ಅಂದಾಜು ಲೆಕ್ಕ: ಉಷ್ಣತೆಗೂ ಡ್ಯೂ ಪಾಯಿಂಟ್‌ಗೂ ಇರೋ ಅಂತರದ ಮೂರನೇ ಒಂದು ಭಾಗ ಕಳೆಯಿರಿ. 4 ಡಿಗ್ರಿ, ಡ್ಯೂ ಪಾಯಿಂಟ್ ಮೈನಸ್ 8, ಅಂತರ 12, ಮೂರನೇ ಒಂದು 4. ಉಳಿದದ್ದು ಸೊನ್ನೆ. ಹಿಮಕ್ಕೆ ಸಾಕು. ಡ್ಯೂ ಪಾಯಿಂಟ್ 2 ಇದ್ದರೆ ಮಳೆಯೇ. ಇದರ ಇನ್ನೊಂದು ಪರಿಣಾಮ: ರಾಡಾರ್‌ನಲ್ಲಿ ಹಸಿರು ಬಣ್ಣ ತಲೆ ಮೇಲೆ ಬಂದಿದ್ದರೂ ಮೊದಲ ಒಂದೆರಡು ಗಂಟೆ ನೆಲಕ್ಕೆ ಏನೂ ಬೀಳದಿರಬಹುದು.

ಎಡಿಸನ್_ಎಳ್ಳುಬೆಲ್ಲ · ರಾತ್ರಿ 8:20

ಕನಿಷ್ಠ 2, ನಿರೀಕ್ಷಿತ 5, ಗರಿಷ್ಠ 9. ಹಿಮ ಶುರು ಶನಿವಾರ ನಸುಕಿನ 1 ಗಂಟೆ, ಬೆಳಿಗ್ಗೆ ಸ್ಲೀಟ್‌ಗೆ ತಿರುಗೋ ಸಾಧ್ಯತೆ. ಹೈ ಪೂರ್ವಕ್ಕೆ ಜಾರ್ತಿದೆ ಅಂತ ಟಿಪ್ಪಣಿಯಲ್ಲೂ ಇದೆ. ಹಾಕಿಕೊಂಡ ಗೆರೆ ದಾಟಿತು. ಹಾಲ್‌ನವರು ಭಾನುವಾರ ಮಧ್ಯಾಹ್ನ 2ಕ್ಕೆ ಕೊಟ್ಟರು, ಅಡುಗೆಯವರೂ ಒಪ್ಪಿದರು.

ಬಾಸ್ಟನ್_ಬೆಳಗು · 8:47

ಸರಿಯಾದ ತೀರ್ಮಾನ. ಭಾನುವಾರಕ್ಕೆ ಒಂದು ಎಚ್ಚರಿಕೆ: ಶನಿವಾರದ ಕೆಸರನ್ನು ಸಂಜೆ ಬೆಳಕಿರುವಾಗಲೇ ತಳ್ಳಿ ತೆಗೆಸಿ. ಲೋ ದಾಟಿದ ಮೇಲೆ ವಾಯವ್ಯ ಗಾಳಿ ಬಂದು ರಾತ್ರಿ ಅದು ಕಲ್ಲಾಗುತ್ತೆ. ಕಲ್ಲುಪ್ಪು ಮೈನಸ್ 9 ಡಿಗ್ರಿವರೆಗೆ ಕೆಲಸ ಮಾಡುತ್ತೆ, ಅದಕ್ಕಿಂತ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು.

ಮಳೆಗೆರೆ · ಶುಕ್ರವಾರ ರಾತ್ರಿ 9:30

ಈಗಿನಿಂದ ಮಾಡೆಲ್ ಬಿಟ್ಟು ರಾಡಾರ್ ನೋಡಿ. ಫೋರ್ಟ್ ಡಿಕ್ಸ್ ರಾಡಾರ್‌ನಲ್ಲಿ ಸಿಸಿ ಅಂತ ಒಂದು ಚಿತ್ರ ಸಿಗುತ್ತೆ, ಕೋರಿಲೇಶನ್ ಕೋಎಫಿಶಿಯೆಂಟ್. ಬೀಳ್ತಿರೋದೆಲ್ಲ ಒಂದೇ ಬಗೆಯದಾಗಿದ್ದರೆ, ಬರೀ ಹಿಮ ಅಥವಾ ಬರೀ ಮಳೆ, ಬೆಲೆ 0.97ಕ್ಕೆ ಮೇಲೆ. ಕರಗ್ತಿರೋ ಕಲಸುಮೇಲೋಗರ ಇದ್ದಲ್ಲಿ 0.85-0.95ಕ್ಕೆ ಇಳಿದು, ಬೇರೆ ಬಣ್ಣದ ಒರಟು ಗೆರೆಯಾಗಿ ಕಾಣುತ್ತೆ. ಆ ಗೆರೆ ಉತ್ತರಕ್ಕೆ ಎಷ್ಟು ಬೇಗ ಬರ್ತಿದೆ ಅಂತ ಅರ್ಧ ಗಂಟೆಗೊಮ್ಮೆ ಗುರುತು ಹಾಕಿ.

ಅತಿ ಕೆಳಗಿನ ಕೋನದ ಚಿತ್ರ ಸಾಲದು. ಎಡಿಸನ್ ರಾಡಾರ್‌ನಿಂದ 60 ಕಿಲೋಮೀಟರ್ ಚಿಲ್ಲರೆ ದೂರ. ಅರ್ಧ ಡಿಗ್ರಿ ಕೋನದಲ್ಲಿ ಕಿರಣ ನಿಮ್ಮ ಮೇಲೆ ಸುಮಾರು 800 ಮೀಟರ್ ಎತ್ತರದಲ್ಲಿರುತ್ತೆ, ಬಿಸಿ ಮೂಗು ಇರೋದು ಅದಕ್ಕಿಂತ ಮೇಲೆ. ಸುಮಾರು ಒಂದೂವರೆ ಡಿಗ್ರಿ ಕೋನ ಆರಿಸಿದರೆ 1900 ಮೀಟರ್ ಸಿಗುತ್ತೆ.

ಧಾರವಾಡ_ಟು_ಡೆಲವೇರ್ · 9:48

ಹಿಮಾ ಅಳೆಯೋರು ಹಲಗಿ ಈಗ ಹೊರಗಿಡ್ರಿ. 16 ಇಂಚು ಚೌಕದ ಪ್ಲೈವುಡ್, ಬಿಳೀ ಬಣ್ಣ ಬಳದದ್ದು, ಗೋಡಿಯಿಂದ ಗಿಡದಿಂದ ದೂರ, ಪಕ್ಕದಾಗ ಒಂದು ಕೋಲು ನೆಟ್ಟು. ಕೋಲು ಇಲ್ಲಂದ್ರ ಹಲಗಿ ಸಿಗೂದಿಲ್ಲ. 2016ರ ಜನವರಿ ಬಿರುಗಾಳಿಯಾಗ ವಾಷಿಂಗ್ಟನ್ನಿನ ರೇಗನ್ ವಿಮಾನ ನಿಲ್ದಾಣದಾಗ ಹಲಗಿನೇ ಹಿಮದಾಗ ಕಳದು, 17.8 ಇಂಚು ಅಂತ ಬಂದ ಲೆಕ್ಕದ ಮ್ಯಾಲೆ ದೊಡ್ಡ ವಾದ ಆತು.

ಆರು ತಾಸಿಗೆ ಒಮ್ಮೆಗಿಂತ ಹೆಚ್ಚು ಸಲ ಒರೆಸಬ್ಯಾಡ್ರಿ. ತಾಸಿಗೊಮ್ಮೆ ಅಳದು ಕೂಡಿಸಿದ್ರ ಲೆಕ್ಕ ಉಬ್ಬತೈತಿ, ಯಾಕಂದ್ರ ಹಿಮಾ ತನ್ನ ಭಾರಕ್ಕ ಕುಗ್ಗೂದನ್ನ ಬಿಟ್ಟಂಗ ಆಗತೈತಿ. ಮಳೆಮಾಪಕದ ಮ್ಯಾಲಿನ ಆಲಿಕೆ, ಒಳಗಿನ ಸಣ್ಣ ನಳಿಗಿ, ಎರಡೂ ತಗೀರಿ. ಹೊರಗಿನ ಡಬ್ಬ್ಯಾಗ ಬಿದ್ದ ಹಿಮಕ್ಕ ಅಳತಿ ಮಾಡಿದ ಬಿಸಿನೀರು ಹಾಕಿ ಕರಗಿಸಿ, ಒಟ್ಟು ಅಳದು, ಹಾಕಿದ ನೀರು ಕಳೀರಿ. ಉಳದದ್ದ ಖರೇ ನೀರು.

ಹಿಮಪಟ್ಟಿ · ಶನಿವಾರ ಬೆಳಿಗ್ಗೆ 6:35

ಸಿಸಿ ಗೆರೆ ಫ್ರೀಹೋಲ್ಡ್ ದಾಟಿ ರಾರಿಟನ್ ನದಿ ಹತ್ತಿರ ಬಂದಿದೆ. ನ್ಯೂಆರ್ಕ್ ಗಾಳಿ 050 ಡಿಗ್ರಿ.

ಎಡಿಸನ್_ಎಳ್ಳುಬೆಲ್ಲ · 7:02

ಹಲಗೆ ಮೇಲೆ 3.4 ಇಂಚು. ಕಿಟಕಿಗೆ ರವೆ ಎರಚಿದ ಹಾಗೆ ಸದ್ದು ಶುರುವಾಗಿದೆ.

ಧಾರವಾಡ_ಟು_ಡೆಲವೇರ್ · 7:05

ಅದ ಸ್ಲೀಟ್. ಈಗ 3.4 ಬರಕೊಂಡು ಹಲಗಿ ಒರೆಸಿ ಇಡ್ರಿ, ಆರು ತಾಸು ಆಗೇತಿ. ತಡಾ ಮಾಡಿದ್ರ ಸ್ಲೀಟ್ ಅದನ್ನ ಒತ್ತಿ ಮೂರಕ್ಕ ಇಳಸತೈತಿ. ಇನ್ನ ಮುಂದ ಬೀಳೂ ಸ್ಲೀಟನ್ನೂ ಹಿಮದ ಲೆಕ್ಕಕ್ಕ ಕೂಡಸ್ರಿ, ಮಧ್ಯಾಹ್ನ 1ಕ್ಕ ಮತ್ತ ಅಳೀರಿ.